ಕಲ್ಲಿನ ಜೊತೆಗೆ ಬಂದವರು

ಇಂಗ್ಲಿಷರು ನಾಲ್ಕುನೂರು ವರ್ಷಗಳ ಹಿಂದೆ ಹೊಸ ಖಂಡವೊಂದಕ್ಕೆ ಬಂದು ನೆಲೆ ನಿಂತದ್ದರ ಮಹತ್ವವೇನು ಎಂಬ ಪ್ರಶ್ನೆಗೆ ಮಿಶಿಗನ್ ರಾಜ್ಯದ ಮಹಾ ಪ್ಲಿಮತ್ ಕನ್ನಡ ಬಳಗವು 2007ನೇ ಇಸವಿ ಮಾರ್ಚ್ ಹನ್ನೊಂದನೇ ತಾರೀಕು ಭಾನುವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಸರ್ವಾನುಮತದಿಂದ ಉತ್ತರ ಕಂಡುಕೊಂಡಿತು. ಮೊದಲು ಬಂದವರು ಊಟದ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ಇದೇ ಆ ಮಹತ್ವ. ವಿದ್ವಾಂಸರು ಈ ಬಗ್ಗೆ ಏನೇನೋ ಬರೆದಿದ್ದಾರೆ. ಪಾಪ, ಅವರ್‍ಯಾರೂ ನಮ್ಮ ರಾಜ್ಯೋತ್ಸವದ ಊಟದ ಸಾಲಿನಲ್ಲಿ ನಿಂತವರಲ್ಲ.

ಭಗವಂತ ಯಾರ ಕೈಯಲ್ಲಿ ಜ್ಞಾನ ಕೊಟ್ಟು ಕಳಿಸುತ್ತಾನೆಂದು ಹೇಳಲಾಗದು. ಈ ಸಲ ಅವನು ಆರಿಸಿಕೊಂಡದ್ದು ಐದನೇ ತರಗತಿಯ ಧೃತಿಯನ್ನು. ಜೇಮ್ಸ್‌ಟೌನಿನ ನಾಲ್ಕುನೂರನೇ ವರ್ಷವೆಂದು ಅವಳ ಶಾಲೆಯಲ್ಲಿ ಒಂದು ರಿಪೋರ್ಟ್ ಬರೆಯಲು ಹೇಳಿದ್ದರು. ಅವಳ ತಾಯಿ ಇಂದುಮತಿ ಬಳಗದ ಕಾರ್ಯದರ್ಶಿ. ರಿಪೋರ್ಟನ್ನು ಟೈಪ್ ಮಾಡಿದ್ದೂ ಅವರೇ ಆದ್ದರಿಂದ, ಮಾಡಿದ ಕೆಲಸ ವ್ಯರ್ಥವಾಗಬಾರದೆಂದು ಸಭೆಯಲ್ಲಿ ಓದಿದರು. ಇಂಗ್ಲಿಷರು 1607ರಲ್ಲಿ ಜೇಮ್ಸ್‌ಟೌನಿಗೂ 1620ರಲ್ಲಿ ಪ್ಲಿಮತ್ತಿಗೂ ಬಂದರು, ಪ್ಲಿಮತ್ತಿನಲ್ಲಿ ಅವರು ಕಾಲಿಟ್ಟರೆಂದು ಹೇಳುವ ಬಂಡೆಯೊಂದು ಇವತ್ತಿಗೂ ಇದೆ ಎಂದು ಕೇಳಿ ಅಧ್ಯಕ್ಷ ಸತ್ಯನಾರಾಯಣ ಅವರಿಗೆ ರೋಮಾಂಚನವಾಯಿತು.

"ಮೂವತ್ತು ವರ್ಷದಿಂದ ಇಲ್ಲೇ ಇದೀನಿ, ಒಬ್ರೂ ಹೇಳ್ಲಿಲ್ವಲ್ಲ," ಎಂದರು.

"ಅಂಕಲ್, ದಟ್ಸ್ ಮ್ಯಾಸಚೂಸೆಟ್ಸ್," ಎಂದಳು ಧೃತಿ.

ಆ ಪ್ಲಿಮತ್ತಿಗೂ ಈ ಪ್ಲಿಮತ್ತಿಗೂ ಎಂಟುನೂರು ಮೈಲಿ ಅಂತರ. ಸತ್ಯನಾರಾಯಣ ಅವರು ಕಾರಿನ ಬಾಗಿಲಿಗೆ ರಬ್ಬರ್ ಪಟ್ಟಿ ಮಾಡುವ ಕಂಪನಿಯಲ್ಲಿ ಕ್ವಾಲಿಟಿ ಮ್ಯಾನೇಜರ್. ಅಳತೆಯಲ್ಲಿ ವ್ಯತ್ಯಾಸ ಬಂದಾಗ ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ಸಣ್ಣ ವ್ಯತ್ಯಾಸ, ಅಂಗೀಕರಿಸಲಾಗಿದೆ" ಎಂದು ನಡಾವಳಿಯಲ್ಲಿ ಬರೆಸಿದರು. ಆಮೇಲೆ ಬಳಗದ ಸಂಸ್ಥಾಪಕರ ಹೆಸರನ್ನು ಒಂದು ಕಲ್ಲಿನ ಮೇಲೆ ಕೆತ್ತಿಸಿ ರಾಜ್ಯೋತ್ಸವದಂದು ಅನಾವರಣ ಮಾಡುವುದು, ಸಂಸ್ಥಾಪಕರಿಗೆ ಮುಂದಿನ ಸಾಲಿನ ಕುರ್ಚಿ ಮತ್ತು ಮೊದಲ ಪಂಕ್ತಿಯ ಊಟ ಕೊಡುವುದು ಎಂದು ತೀರ್ಮಾನವಾಯಿತು. ಇತಿಹಾಸ ಬರೆಯುವ ಉಪಸಮಿತಿಗೆ ರೇವಣಪ್ಪನವರನ್ನು ನೇಮಿಸಿದರು. ಉಪಸಮಿತಿಯಲ್ಲಿ ಅವರೊಬ್ಬರೇ ಇದ್ದದ್ದರಿಂದ ಅವರೇ ಅಧ್ಯಕ್ಷರೂ ಆದರು.

ರೇವಣಪ್ಪನವರು ರಾಣೆಬೆನ್ನೂರಿನ ಕಡೆಯವರು, ಪಂಪುಗಳ ಎಂಜಿನಿಯರ್. ಬೆಳಿಗ್ಗೆ ಐದಕ್ಕೆದ್ದು ಲಿಂಗಪೂಜೆ ಮುಗಿಸದೆ ಕಾರಿನ ಬೀಗಕ್ಕೆ ಕೈ ಹಾಕಿದವರಲ್ಲ. ಅವರ ಬಾಯಲ್ಲಿ ಸುಳ್ಳು ಬರುತ್ತಿರಲಿಲ್ಲ. ನಿಜವೂ ಅಷ್ಟು ಸಲೀಸಾಗಿ ಬರುತ್ತಿರಲಿಲ್ಲ, ಎದುರಿಗಿದ್ದವರಿಗೆ ನೋವಾದೀತೆಂದು. ಇತಿಹಾಸ ಬರೆಯುವ ಕೆಲಸ ಸಿಕ್ಕಿದಾಗ ಅವರು ದೇವರ ಮುಂದೆ ಕೂತು ಒಂದನ್ನೇ ಬೇಡಿಕೊಂಡರು: ತಾವು ಅಕ್ಕನೆಂದು ಕರೆಯುವ ಮುಸರ್ರತ್ ಆಪಾನ ಹೆಸರು ಆ ಕಲ್ಲಿನ ಮೇಲೆ ಬರಲಿ.

ಅದಕ್ಕೆ ಕಾರಣವಿತ್ತು. 1978ರ ಜನವರಿಯಲ್ಲಿ ಮಿಶಿಗನ್ನಿನ ಮೇಲೆ ಮಹಾ ಹಿಮಪಾತವಾದಾಗ, ಊರಿಂದ ಹೊಸದಾಗಿ ಬಂದಿದ್ದ ಏಳು ಜನ ಗಂಡಸರು ಒಂದು ಅಪಾರ್ಟ್‌ಮೆಂಟಿನಲ್ಲಿ ಹೀಟರ್ ಕೆಟ್ಟು ನಡುಗುತ್ತಿದ್ದರು. ಅವರನ್ನು ಮನೆಗೆ ಕರೆದುಕೊಂಡು ಹೋದವರು ಹಾವೇರಿಯ ಸರ್ದಾರ್ ಮತ್ತು ಮುಸರ್ರತ್. ಸರ್ದಾರ್ ಆಗ ಕಾರಿನ ಫ್ಯಾಕ್ಟರಿಯಲ್ಲಿದ್ದರು, ಟೈರ್ ಅಂಗಡಿ ಹಾಕಿದ್ದು ಆಮೇಲೆ. ಐದು ದಿನ ಏಳು ಜನ ಆ ಮನೆಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ತಿಂದು ಬದುಕಿದರು. ಐದನೆಯ ದಿನ, ಹೊಟ್ಟೆ ತುಂಬಿದ್ದಕ್ಕೋ ಏನೋ, ಕನ್ನಡದ ಅಭಿಮಾನ ಉಕ್ಕಿ, ಅಡುಗೆಮನೆಯ ಮೇಜಿನ ಮೇಲೆ ಒಂದು ಕಾಗದ ಬರೆದು ಏಳೂ ಜನ ಸಹಿ ಹಾಕಿದರು. ಬಳಗ ಹುಟ್ಟಿದ್ದು ಹಾಗೆ. ಸಹಿ ಹಾಕುವ ಮೊದಲು ಮೇಜು ಒರೆಸಿಕೊಟ್ಟವರು ಮುಸರ್ರತ್. ಸರ್ದಾರ್ ಸಹಿ ಹಾಕಲಿಲ್ಲ, ಏಕೆಂದರೆ ಆ ಹೊತ್ತಿನಲ್ಲಿ ಅವರು ಹೊರಗೆ ಸಂಸ್ಥಾಪಕರ ಕಾರುಗಳ ಮೇಲಿನ ಹಿಮ ಎತ್ತುತ್ತಿದ್ದರು. ಏಳು ಸಹಿಗಳಲ್ಲಿ ಮೊದಲನೆಯದು ಸತ್ಯನಾರಾಯಣ ಅವರದು, ಕೊನೆಯದು ರೇವಣಪ್ಪನವರದು.

ಏಪ್ರಿಲಿನಲ್ಲಿ ಒಂದು ವಿಘ್ನ ಬಂತು. ಶಿಕಾಗೋ ಕಡೆಯ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿರುವ ಕನ್ನಡ ಕೂಟದ ಅಧ್ಯಕ್ಷ ಮಾಧವ ಅವರಿಗೆ ಸುದ್ದಿ ತಲುಪಿ, ಅವರು ಲೆಟರ್‌ಹೆಡ್ಡಿನ ಮೇಲೆ ಪತ್ರ ಬರೆದರು. ತಮ್ಮ ಕೂಟ ಸ್ಥಾಪನೆಯಾದದ್ದು 1972ರಲ್ಲಿ. ಹಾಗಾಗಿ ಇತಿಹಾಸದ ದೃಷ್ಟಿಯಿಂದ ತಾವು ಜೇಮ್ಸ್‌ಟೌನ್, ನೀವು ಬರೀ ಪ್ಲಿಮತ್. ಜಂಟಿ ಸಮಾರಂಭಗಳಲ್ಲಿ ಊಟದ ಸಾಲಿನ ಪ್ರಾಶಸ್ತ್ಯವನ್ನು ಇದಕ್ಕನುಗುಣವಾಗಿ ಪರಿಷ್ಕರಿಸತಕ್ಕದ್ದು.

ಸತ್ಯನಾರಾಯಣ ಅವರು ಆ ಪತ್ರವನ್ನು ಎರಡು ದಿನ ಓದಿದ್ದನ್ನೇ ಓದಿದರು. ಅವರ ಹೆಂಡತಿ ಪ್ರಭಾ ಬಿಪಿ ಚೆಕ್ ಮಾಡಿಸಿದರು. ಮೂರನೆಯ ದಿನ ರೇವಣಪ್ಪನವರಿಗೆ ಫೋನು ಬಂತು.

"ರೇವಣಪ್ಪನವ್ರೇ, 1972ಕ್ಕಿಂತ ಹಿಂದಿನದು ಏನಾದ್ರೂ ಎವಿಡೆನ್ಸ್ ಇದ್ಯಾ ನಮ್ಮ ಹತ್ರ?"

ರೇವಣಪ್ಪನವರಿಗೆ ಇದು ದೇವರೇ ತೆರೆದ ಬಾಗಿಲು ಅನಿಸಿತು. "ಅದಾವ್ರಿ," ಎಂದರು. "ಮುಸರ್ರತ್ ಆಪಾ, ಸರ್ದಾರ್ ಭಾಯಿ ಬಂದದ್ದು 69ರಾಗ. ಆಕಿ ತನ್ನ ಅರೆಯೋ ಕಲ್ಲು ಬಿಟ್ಟು ಬರಂಗಿಲ್ಲ ಅಂದಳಂತ. ವಿಮಾನದಾಗ ಕಲ್ಲು ಹತ್ತಸಂಗಿಲ್ಲ ಅಂದ್ರಂತ. ಅದಕ್ಕ ಕಲ್ಲಿನ ಸಲುವಾಗಿ ಇಬ್ರೂ ಹಡಗ ಹತ್ತಿ ಬಂದ್ರು. ಕಸ್ಟಮ್ಸಿನವ್ರು ಕೊಟ್ಟ ಚೀಟಿ ಇನ್ನೂ ಐತಿ. 'ಒಂದು ಕಲ್ಲು, ಅಡಿಗಿಗೆ' ಅಂತ ಬರದಾರ."

ಫೋನಿನ ಆ ಕಡೆ ಕುರ್ಚಿ ಸರಿದ ಸದ್ದಾಯಿತು.

"ಕಲ್ಲು," ಎಂದರು ಸತ್ಯನಾರಾಯಣ. "ಹಡಗಿನಲ್ಲಿ ಬಂದ ಕಲ್ಲು. ಪ್ಲಿಮತ್ತಿನಲ್ಲಿ."

ಆ ಶನಿವಾರವೇ ತುರ್ತು ಸಭೆ ಸೇರಿತು. ತಾನು ಆಪಾನ ಹೆಸರಿಗೆ ದಾರಿ ಮಾಡಿಕೊಟ್ಟೆ ಎಂದು ರೇವಣಪ್ಪನವರು ಹಣೆಗೆ ವಿಭೂತಿ ಇನ್ನಷ್ಟು ಗಾಢವಾಗಿ ಹಚ್ಚಿಕೊಂಡು ಹೋದರು. ಸಂಸ್ಥಾಪಕರ ಹೆಸರನ್ನು ಆ ಅರೆಯುವ ಕಲ್ಲಿನ ಮೇಲೆಯೇ ಕೆತ್ತಿಸುವುದು, ಬಳಗದ ವರ್ಷ 1969 ಎಂದು ಹಾಕಿಸುವುದು ಎಂದು ಗೊತ್ತುಮಾಡಿ ಅಧ್ಯಕ್ಷರು ಆಗಲೇ ನಿಯಮಾವಳಿಯನ್ನು ಸಿದ್ಧಪಡಿಸಿಕೊಂಡು ಬಂದಿದ್ದರು. ಇಂದುಮತಿ ಓದಿದರು:

"'ನೆಲೆಸುವುದು' ಎಂದರೆ ಸಮಿತಿ ರಚಿಸಿಕೊಂಡು ವಾಸಿಸುವುದು. ಸಮಿತಿಯಿಲ್ಲದೆ ಯಾರೇ ಎಷ್ಟೇ ವರ್ಷ ವಾಸಿಸಿದ್ದರೂ ಅದನ್ನು 'ಇರುವುದು' ಎಂದು ಪರಿಗಣಿಸತಕ್ಕದ್ದು. ಇದ್ದವರನ್ನು ಬಂದವರೆಂದು ಎಣಿಸತಕ್ಕದ್ದಲ್ಲ. ಈ ವಿಷಯದಲ್ಲಿ ಇಂಗ್ಲಿಷರ ಪದ್ಧತಿಯನ್ನು ಅನುಸರಿಸಲಾಗಿದೆ."

"ಅಲ್ರೀ," ಎಂದರು ರೇವಣಪ್ಪ, "ಹಂಗಾದ್ರ 69 ಅನ್ನೂದು ಹೆಂಗ ನಮ್ಮ ವರ್ಷ ಆಕ್ಕೈತಿ? ಬಂದಾಕಿ ಆಕಿ."

"ಒಳ್ಳೆ ಪ್ರಶ್ನೆ," ಎಂದರು ಅಧ್ಯಕ್ಷರು. ಉತ್ತರ ಸಿದ್ಧವಿದ್ದಾಗ ಅವರು ಯಾವ ಪ್ರಶ್ನೆಯನ್ನೂ ಮೆಚ್ಚಿಕೊಳ್ಳುತ್ತಿದ್ದರು. "ನೀವೇ ಹೇಳಿದ್ರಿ. ಇವ್ರಿಗೋಸ್ಕರ ಕಲ್ಲು ಹಡಗು ಹತ್ಲಿಲ್ಲ, ಕಲ್ಲಿಗೋಸ್ಕರ ಇವ್ರು ಹತ್ತಿದ್ರು. ಅಂದ್ಮೇಲೆ ಪ್ರೈಮರಿ ಯಾರು? ಕಲ್ಲು. ಇವ್ರು ಡಿಪೆಂಡೆಂಟ್ಸ್."

ಸಭೆಯಲ್ಲಿದ್ದವರೆಲ್ಲ ಒಂದಲ್ಲ ಒಂದು ಕಾಲದಲ್ಲಿ ವೀಸಾ ಅಪ್ಲೈ ಮಾಡಿದವರು. ವಾದದ ನ್ಯಾಯ ಅವರಿಗೆ ಕೂಡಲೇ ಹೊಳೆಯಿತು. ಮೆಚ್ಚುಗೆಯ ಗುಜುಗುಜು ಎದ್ದಿತು.

"ಡಿಪೆಂಡೆಂಟ್ ಇದ್ರೂ ಹೆಸರು ಹಾಕ್ಬೋದಲ್ರೀ. ಮೂಲ್ಯಾಗ, ಸಣ್ಣದಾಗಿ."

"ಹಾಕ್ಬೋದು. ಹಾಕ್ಬಾರ್ದು ಅಂತ ಯಾರು ಹೇಳಿದ್ರು? ಅವ್ರು ನಮ್ಮ ತಾಯಿ ಸಮಾನ. ಆದ್ರೆ ನೋಡಿ, ಪ್ಲಿಮತ್ತಿಗೆ ಬಂದ ಇಂಗ್ಲಿಷರು ಹಡಗಿನಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದ್ರಲ್ಲ, ಧೃತಿ ರಿಪೋರ್ಟಲ್ಲಿದೆ, ನಲವತ್ತೊಂದು ಜನ. ಅದರಲ್ಲಿ ಹೆಂಗಸರು ಎಷ್ಟು?"

ಇಂದುಮತಿ ರಿಪೋರ್ಟ್ ತಿರುವಿ ನೋಡಿ, "ಒಬ್ಬರೂ ಇಲ್ಲ," ಎಂದರು. ಒಂದು ಕ್ಷಣ ಪೆನ್ನು ನಿಂತಿತು. ಆಮೇಲೆ ಅದನ್ನೇ ಬರೆದುಕೊಂಡರು.

ರೇವಣಪ್ಪನವರು ಹೆಸರು ಸೇರ್ಪಡೆಯ ಅರ್ಜಿ ಹಾಕಿದರು. ಅರ್ಜಿಗೆ ಮೂರು ಸಂಸ್ಥಾಪಕರ ಸಹಿ ಬೇಕಿತ್ತು. ಏಳು ಜನರಲ್ಲಿ ಇಬ್ಬರು ತೀರಿಕೊಂಡಿದ್ದರು, ಇಬ್ಬರು ಫ್ಲಾರಿಡಾಕ್ಕೆ ಹೋಗಿ ಫೋನೆತ್ತುವುದನ್ನು ಬಿಟ್ಟಿದ್ದರು, ಒಬ್ಬರಿಗೆ ನೆನಪು ಮಾಸಿತ್ತು. ಉಳಿದವರು ಅಧ್ಯಕ್ಷರು ಮತ್ತು ಅರ್ಜಿದಾರರು. ಅರ್ಜಿದಾರರು ತಮ್ಮ ಅರ್ಜಿಗೆ ತಾವೇ ಸಹಿ ಹಾಕುವಂತಿರಲಿಲ್ಲ. ಅಧ್ಯಕ್ಷರು ಅರ್ಜಿಯನ್ನು ಪರಿಶೀಲಿಸುವವರಾದ್ದರಿಂದ ನಿಷ್ಪಕ್ಷಪಾತಿಗಳಾಗಿರಬೇಕಿತ್ತು. ಅರ್ಜಿಯನ್ನು ಬಹಳ ಗೌರವದಿಂದ ಫೈಲಿನಲ್ಲಿಡಲಾಯಿತು.

ಇನ್ನೊಂದು ಸೂಕ್ಷ್ಮವೂ ಇತ್ತು. ಅದನ್ನು ಇಂದುಮತಿ ತಗ್ಗಿದ ದನಿಯಲ್ಲಿ ಎತ್ತಿದರು. ಅನಾವರಣಕ್ಕೆ ಮೊದಲು ಕಲ್ಲಿಗೆ ಪೂಜೆ ಆಗಬೇಕು. ಆದರೆ ಆ ಕಲ್ಲಿನ ಮೇಲೆ ಮೂವತ್ತೆಂಟು ವರ್ಷಗಳಲ್ಲಿ ಯಾವ ಯಾವ ಮಸಾಲೆ, ಯಾವ ಯಾವುದಕ್ಕೆಂದು ಅರೆದಿದ್ದಾರೋ. ಅಧ್ಯಕ್ಷರು ಕಣ್ಣು ಮುಚ್ಚಿ ಯೋಚಿಸಿದರು. 1978ರ ಐದು ದಿನ ಅದೇ ಕಲ್ಲಿನಿಂದ ಬಂದದ್ದನ್ನು ತಾವೂ ತಿಂದದ್ದು ಅವರಿಗೆ ನೆನಪಾಗಿರಬೇಕು. ಕಣ್ಣು ತೆರೆದು ನಿರ್ಣಯ ಬರೆಸಿದರು: "ಸದರಿ ಕಲ್ಲಿಗೆ 1969ರಿಂದ ಪೂರ್ವಾನ್ವಯವಾಗುವಂತೆ ಸಸ್ಯಾಹಾರಿ ಸ್ಥಾನಮಾನ ನೀಡಲಾಗಿದೆ. ಈ ಸಂಬಂಧ ಯಾವುದೇ ನೆನಪುಗಳನ್ನು ಸ್ವೀಕರಿಸಲಾಗುವುದಿಲ್ಲ." ದೊಡ್ಡ ಮನಸ್ಸಿನ ನಿರ್ಣಯ. ಎಷ್ಟೋ ಮನೆಗಳಲ್ಲಿ ನೆಮ್ಮದಿ ನೆಲೆಸಿತು.

ಜೂನ್ ತಿಂಗಳಲ್ಲಿ ಕಲ್ಲು ತರಲು ನಿಯೋಗ ಹೊರಟಿತು. ಸರ್ದಾರ್ ಬಾಗಿಲಲ್ಲೇ ನಿಂತಿದ್ದರು. "ಬರ್ರಿ ಬರ್ರಿ, ಒಳಗ ಬರ್ರಿ. ಸತ್ಯಣ್ಣ, ನಿಮ್ಮ ಗಾಡಿ ಹಿಂದಿನ ಎಡಕಿನ ಟೈರ್‌ನಾಗ ಗಾಳಿ ಕಮ್ಮಿ ಐತಿ, ಹೋಗೂವಾಗ ಹಾಕ್ತೇನಿ."

ಮುಸರ್ರತ್ ಚಹಾ ಕೊಟ್ಟರು, ಖಾರದ ಚುರುಮುರಿ ಕೊಟ್ಟರು. ಎಪ್ಪತ್ತರ ಹತ್ತಿರದ ಹೆಂಗಸು, ಮಣಿಕಟ್ಟು ಇನ್ನೂ ಗಟ್ಟಿ. ಅಧ್ಯಕ್ಷರು ಎದ್ದು ನಿಂತು, ಖಂಡದ ಇತಿಹಾಸ, ಬಂಡೆಯ ಮಹತ್ವ, ಬಳಗದ ಗೌರವ ಎಂದೆಲ್ಲ ಹದಿನೈದು ನಿಮಿಷ ಹೇಳಿದರು.

"ಅಂದ್ರ ಕಲ್ಲು ಬೇಕಾಗಿತ್ತ ನಿಮಗ," ಎಂದರು ಮುಸರ್ರತ್.

"ಶಾಶ್ವತವಾಗಿ ಅಲ್ಲ ಆಂಟಿ. ಅನಿರ್ದಿಷ್ಟ ಕಾಲಕ್ಕೆ."

"ಒಯ್ಯಿರಿ. ಹೆಂಗೂ ಅದು ನುಣ್ಣಗ ಕನ್ನಡಿ ಆಗೇತಿ. ಹಲ್ಲ ಇಲ್ಲ ಅದಕ್ಕ. ಊರಾಗಿದ್ರ ವರ್ಷಕ್ಕೊಮ್ಮೆ ಕಲ್ಲು ಕುಟ್ಟಾವ್ರು ಓಣಿಗೆ ಬರ್ತಿದ್ರು, ಉಳಿ ತಗೊಂಡು ಮುಳ್ಳು ಹಾಕಿ ಕೊಡತಿದ್ರು. ಇಲ್ಲಿ ಯಾರು ಬರಬೇಕು?"

ನಿಯೋಗವು ಕಲ್ಲಿಗೆ ಪ್ರತಿಯಾಗಿ ಒಂದು ಬ್ಲೆಂಡರನ್ನು ಕೊಟ್ಟಿತು. ಹತ್ತು ಸ್ಪೀಡಿನದು. ಮುಸರ್ರತ್ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಫ್ರಿಜ್ಜಿನ ಮೇಲೆ ಇಟ್ಟರು. ಕಲ್ಲು ಎತ್ತಿ ವ್ಯಾನಿಗೆ ಹಾಕುವಾಗ ರೇವಣಪ್ಪನವರು ಹಿಂದೆ ಉಳಿದರು.

"ಆಪಾ, ನಿಮ್ಮ ಹೆಸರ ಹಾಕಸಾಕ ಬಾಳ ಪ್ರಯತ್ನ ಮಾಡ್ತಿದೇನಿ."

"ಎದರ ಮ್ಯಾಲೆ?"

"ಕಲ್ಲಿನ ಮ್ಯಾಲೆ."

ಅವರು ನಕ್ಕು, "ಮೊದಲ ಚಾ ಮುಗಸು, ಆರತೈತಿ," ಎಂದರು.

ಊರಿನ ಸಮಾಧಿಕಲ್ಲು ಕೆತ್ತುವವನೊಬ್ಬ, ಒಂದಕ್ಷರ ಕನ್ನಡ ಬರದಿದ್ದರೂ, ಕೊಟ್ಟ ಕಾಗದ ನೋಡಿಕೊಂಡು ಏಳು ಹೆಸರನ್ನು ಮುತ್ತಿನಂತೆ ಕೆತ್ತಿಕೊಟ್ಟ. ಮೇಲೆ "ಸಂಸ್ಥಾಪಕರು, 1969" ಎಂದಿತ್ತು. ಆ ವರ್ಷ ಸಂಸ್ಥಾಪಕರಲ್ಲಿ ಹಿರಿಯರೇ ಇನ್ನೂ ಪಿಯುಸಿ ಓದುತ್ತಿದ್ದರು ಎಂಬುದನ್ನು ಸಣ್ಣ ವ್ಯತ್ಯಾಸವೆಂದು ಅಂಗೀಕರಿಸಲಾಯಿತು. ಕಸ್ಟಮ್ಸ್ ಚೀಟಿಯ ಪ್ರತಿಯನ್ನು ಹಾಫ್‌ಮನ್ ಎಸ್ಟೇಟ್ಸ್‌ಗೆ ಕಳಿಸಲಾಯಿತು. ಮಾಧವ ಅವರು ಶಿಕಾಗೋ ಹತ್ತಿರದ ಲೆಮಾಂಟಿನ ದೇವಸ್ಥಾನಕ್ಕೆ ಹಬ್ಬಕ್ಕೆಂದು ಹೋಗಿದ್ದಾಗ, ಅಲ್ಲಿಗೇ ಬಂದಿದ್ದ ಸತ್ಯನಾರಾಯಣ ಅವರನ್ನು ಪಾರ್ಕಿಂಗಿನಲ್ಲಿ ಕಂಡು ಸೋಲೊಪ್ಪಿಕೊಂಡರು. ಇಬ್ಬರೂ ಕಾರಿನ ಬಾನೆಟ್ಟಿನ ಮೇಲೆ ನಕ್ಷೆ ಹರಡಿ, ಎರಡೂ ಊರುಗಳ ನಡುವಿನ ಕಲಮಜೂ ಎಕ್ಸಿಟ್‌ನಿಂದ ಪಶ್ಚಿಮಕ್ಕಿರುವ ಕನ್ನಡಿಗರೆಲ್ಲ ಶಿಕಾಗೋದವರು, ಪೂರ್ವಕ್ಕಿರುವವರೆಲ್ಲ ಪ್ಲಿಮತ್ತಿನವರು ಎಂದು ಗೆರೆ ಎಳೆದರು. ಆ ಗೆರೆಯ ಎರಡೂ ಕಡೆ ಇದ್ದವರಿಗೆ ಇದು ಗೊತ್ತಾಗಲಿಲ್ಲ. ಅದರಿಂದ ಯಾರಿಗೂ ತೊಂದರೆಯೂ ಆಗಲಿಲ್ಲ.

ಎಲ್ಲ ಸುಗಮವಾಗಿತ್ತು, ರಾಜ್ಯೋತ್ಸವಕ್ಕೆ ಮೂರು ದಿನ ಇರುವವರೆಗೆ. ಮುನ್ನೂರು ಜನಕ್ಕೆ ಎಣ್ಣೆಗಾಯಿ ಎಂದು ಆಮಂತ್ರಣದಲ್ಲಿ ಅಚ್ಚಾಗಿತ್ತು. ಎಣ್ಣೆಗಾಯಿ ಎಂದರೆ ಮುಸರ್ರತ್ ಎಂದು ಬಳಗದಲ್ಲಿ ಬರೆಯದೆ ಇದ್ದ ನಿಯಮ. ಬುಧವಾರ ಅವರು ಫೋನು ಮಾಡಿದರು.

"ಸತ್ಯಣ್ಣ, ಬ್ಲೆಂಡರ್‌ನಾಗ ಆಗವಲ್ದು. ಶೇಂಗಾ ಗುರೆಳ್ಳು ಎಲ್ಲಾ ಗೋಂದು ಆಗತೈತಿ. ಕಲ್ಲು ಕೊಡ್ರಿ, ಇಲ್ಲಾ ಪಿಜ್ಜಾ ತರಸ್ರಿ."

ತುರ್ತು ಸಭೆ ಸೇರಿತು. ಸ್ಮಾರಕವನ್ನು ಅಡುಗೆಗೆ ಬಳಸುವುದು ಇತಿಹಾಸಕ್ಕೆ ಮಾಡುವ ಅವಮಾನವೆಂದು ಅಧ್ಯಕ್ಷರು ಹೇಳಿದರು. ಪಿಜ್ಜಾ ತರಿಸುವುದು ಅದಕ್ಕಿಂತ ದೊಡ್ಡ ಅವಮಾನವೆಂದು ಉಳಿದವರೆಲ್ಲ ಹೇಳಿದರು. ಊಟದ ಪ್ರಶ್ನೆ ಬಂದಾಗ ಬಳಗದಲ್ಲಿ ಎಂದೂ ಭಿನ್ನಾಭಿಪ್ರಾಯ ಉಳಿದದ್ದಿಲ್ಲ. ಸ್ಮಾರಕವು ಎರಡು ದಿನ "ಅಧ್ಯಯನ ಪ್ರವಾಸ"ಕ್ಕೆ ಹೋಗಬಹುದೆಂದು ಹೊಸ ನಿಯಮವಾಯಿತು. ಎರವಲು ಪಡೆಯುವವರು ನಮೂನೆ ತುಂಬಬೇಕು, ಜವಾಬ್ದಾರಿ ಹೊರುವ ಒಬ್ಬ ಸಂಸ್ಥಾಪಕರು ಸಾಕ್ಷಿ ಹಾಕಬೇಕು. ಮುಸರ್ರತ್ ತಮ್ಮ ಕಲ್ಲನ್ನು ತಮ್ಮ ಅಡುಗೆಮನೆಯಲ್ಲಿ ಇಟ್ಟುಕೊಳ್ಳಲು ಅನುಮತಿ ಕೋರಿ ಸಹಿ ಹಾಕಿದರು. ರೇವಣಪ್ಪನವರು ಸಾಕ್ಷಿ ಹಾಕಿದರು.

ಶುಕ್ರವಾರ ರಜೆ ಹಾಕಿ ಅವರು ಕಲ್ಲಿನ ಜೊತೆ ಆಪಾನ ಮನೆಗೆ ಹೋದರು. ಅಡುಗೆಮನೆಯ ನೆಲದಲ್ಲಿ ಕಲ್ಲು ಇಟ್ಟು, ಬಟ್ಟೆ ಸರಿಸಿ, ತಪ್ಪು ಮಾಡಿದ ಹುಡುಗನಂತೆ ದೂರ ಸರಿದು ನಿಂತರು. ಮುಸರ್ರತ್ ಹೆಸರುಗಳ ಮೇಲೆ ಅಂಗೈ ಆಡಿಸಿದರು. ಏಳನೆಯ ಹೆಸರಿನ ಹತ್ತಿರ ಕೈ ನಿಂತಿತು.

"ಇದು ನಿನ್ನದ?"

"ಹೌದ್ರಿ ಆಪಾ." ರೇವಣಪ್ಪನವರು ಒಂದು ಹೆಜ್ಜೆ ಹತ್ತಿರ ಬಂದರು. "ನಿಮ್ಮದ ಬರಬೇಕಿತ್ತು. ನಾ ಬರಸಬೇಕಿತ್ತು. ಮೂವತ್ತು ವರ್ಷದ ಅನ್ನದ ಋಣ..."

ಮುಸರ್ರತ್ ಕೇಳಿಸಿಕೊಳ್ಳುತ್ತಿರಲಿಲ್ಲ. ನೆನೆಸಿದ ಬ್ಯಾಡಗಿ ಮೆಣಸಿನಕಾಯಿ ಒಂದು ಹಿಡಿ ಕಲ್ಲಿನ ಮೇಲಿಟ್ಟು ಗುಂಡು ಎಳೆದರು. ಒಂದು ಸಲ, ಎರಡು ಸಲ. ಮೂರನೇ ಸಲಕ್ಕೆ ಮೆಣಸಿನಕಾಯಿ ಕುಂಕುಮದಂತೆ ನುಣ್ಣಗಾಗಿ ಅಧ್ಯಕ್ಷರ ಹೆಸರಿನಿಂದ ಕೆಳಗಿಳಿದು ಬಂತು. ಅವರು ಕೈ ಬಿಟ್ಟು ಕಲ್ಲನ್ನೇ ನೋಡಿದರು.

"ಹಲ್ಲು ಬಂದಾವ," ಎಂದರು. "ರೀ, ಇಲ್ಲಿ ಬರ್ರಿ, ನೋಡ್ರಿ. ಕಲ್ಲು ಹಿಡಿಯಾಕ ಹತ್ತೈತಿ."

ಸರ್ದಾರ್ ಬಂದು ಬಗ್ಗಿ ನೋಡಿದರು. "ಅಬಬಬ. ಯಾವ ಮನಷ್ಯಾ ಕುಟ್ಟ್ಯಾನೋ, ಚಲೋ ಕುಟ್ಟ್ಯಾನ. ಹಾವೇರ್‍ಯಾಗೂ ಇಂಥ ಕೆಲಸ ಇರಲಿಲ್ಲ."

"ಎಷ್ಟ ಹೆಸರ ಅದಾವ ಇದರಾಗ?"

"ಏಳು," ಎಂದರು ರೇವಣಪ್ಪ.

"ಇನ್ನೊಂದ ನಾಕ ಹೆಸರ ಇದ್ರ ಈ ಬಾಜೂನೂ ಮುಳ್ಳು ಬೀಳತಿತ್ತು."

ರೇವಣಪ್ಪನವರ ಎದೆಯಲ್ಲಿ ದೀಪ ಹತ್ತಿದಂತಾಯಿತು. "ಹಂಗಾದ್ರ ನಿಮ್ಮ ಹೆಸರ ಹಾಕಸೂಣ್ರಿ ಆಪಾ, ಆ ಬಾಜೂಕ. ಸಮಿತಿಗೆ ನಾ ಹೇಳ್ತೇನಿ, ಜಗಳಾನ ಮಾಡ್ತೇನಿ."

ಮುಸರ್ರತ್ ತಲೆಯೆತ್ತಿ ಅವರನ್ನು ನೋಡಿದ ರೀತಿಯಲ್ಲಿ ಮರುಕವಿತ್ತು.

"ಬ್ಯಾಡಪಾ. ನನ್ನ ಹೆಸರಿನ ಮ್ಯಾಲೆ ನಾನ ಖಾರ ಅರೀಲ್ಯೇನು?"

ಮರುದಿನ, ನವೆಂಬರ್ ಹದಿನೇಳರ ಶನಿವಾರ, ಬಾಡಿಗೆಗೆ ಪಡೆದ ಶಾಲೆಯ ಸಭಾಂಗಣದಲ್ಲಿ ಕಲ್ಲಿನ ಅನಾವರಣವಾಯಿತು. ಎರಡು ಸಲ ತೊಳೆದಿದ್ದರೂ ಅಕ್ಷರಗಳ ಸಂದಿಯಲ್ಲಿ ಕೆಂಪು ಉಳಿದಿತ್ತು. ದೂರದಿಂದ ಕುಂಕುಮ ತುಂಬಿದಂತೆ ಕಂಡು ಜನ ಕೈ ಮುಗಿದರು. ಹತ್ತಿರ ಬಂದ ಮಾಧವ ಅವರಿಗೆ ಸೀನು ಬಂತು. ಪೂಜೆ ಮಾಡಿದ ಪುರೋಹಿತರಿಗೂ ಬಂತು. ಶುಭವೆಂದು ಅಧ್ಯಕ್ಷರು ಘೋಷಿಸಿದರು. ಆಮೇಲೆ ಅವರು ತಮ್ಮ ಭಾಷಣದಲ್ಲಿ, ಪ್ಲಿಮತ್ತಿನ ಇಂಗ್ಲಿಷರು ತಮಗೆ ಉಣಿಸಿದ ಮೂಲನಿವಾಸಿಗಳನ್ನು ನೆನೆಯುವ ಹಾಗೆ, ಸಂಸ್ಥಾಪಕರಿಗೆ ಮೊದಲ ಚಳಿಗಾಲದಲ್ಲಿ ಆಹಾರ ಕೊಟ್ಟು ಕಾಪಾಡಿದ ಸ್ನೇಹಪರ ಸ್ಥಳೀಯರನ್ನು ಸ್ಮರಿಸಿದರು. ಸ್ಥಳೀಯರು ಆಗ ಅಡುಗೆಮನೆಯಲ್ಲಿ ಬದನೆಕಾಯಿಯ ಪಾತ್ರೆ ಇಳಿಸುತ್ತಿದ್ದರು.

ಸಮಾರಂಭ ಮುಗಿದ ಮೇಲೆ ಕಲ್ಲನ್ನು ಎಲ್ಲಿಡುವುದೆಂಬ ಪ್ರಶ್ನೆ ಬಂತು. ಶಾಲೆಯವರು ಒಪ್ಪಲಿಲ್ಲ. ಸದಸ್ಯರ ಮನೆಗಳಲ್ಲಿ ಕಾರ್ಪೆಟ್ ಇತ್ತು. ಕೊನೆಗೆ ಮುಸರ್ರತ್ ಅವರ ಅಡುಗೆಮನೆಯನ್ನು ಬಳಗದ ವಸ್ತುಸಂಗ್ರಹಾಲಯವೆಂದು ಘೋಷಿಸಿ, ಭಾನುವಾರ ಎರಡರಿಂದ ನಾಲ್ಕು ಗಂಟೆ ದರ್ಶನದ ಸಮಯವೆಂದು ನಿಗದಿ ಮಾಡಿದರು. "ಸ್ಮಾರಕವನ್ನು ಮುಟ್ಟಬಾರದು" ಎಂಬ ಫಲಕವನ್ನು ಗೋಡೆಗೆ ಹೊಡೆದರು. ಮುಸರ್ರತ್ ಆ ಮೊಳೆಗೆ ಸೌಟು ನೇತುಹಾಕಿದರು. ಎರಡು ವರ್ಷ ಕಳೆದ ಮೇಲೆ, ದರ್ಶನಕ್ಕೆ ಹೋದ ಅಧ್ಯಕ್ಷರಿಗೆ ತಮ್ಮ ಹೆಸರು ಸವೆದು ತೆಳುವಾದದ್ದು ಕಂಡಿತು. ಕಾರಣ ವಿಚಾರಿಸುವ ಬದಲು ಅವರು ಪರಿಹಾರ ಹುಡುಕಿದರು: ಪ್ರತಿ ಎರಡು ವರ್ಷಕ್ಕೊಮ್ಮೆ ಸಂಸ್ಥಾಪಕರ ಹೆಸರುಗಳನ್ನು ಮತ್ತೆ ಆಳವಾಗಿ ಕೆತ್ತಿಸುವುದು. ಇದಕ್ಕೆ "ಇತಿಹಾಸ ನವೀಕರಣ" ಎಂದು ಹೆಸರಿಟ್ಟರು. ಮುಸರ್ರತ್ ಯಾವ ತಿಂಗಳು ಅನುಕೂಲವೆಂದು ತಿಳಿಸಿ ಸಹಕರಿಸಿದರು. ಖಾಲಿ ಇದ್ದ ಇನ್ನೊಂದು ಬದಿಯಲ್ಲಿ ತಮ್ಮ ಹೆಸರಿಗೂ ಅವಕಾಶ ಕೊಡಬೇಕೆಂದು ಹಾಫ್‌ಮನ್ ಎಸ್ಟೇಟ್ಸ್‌ನಿಂದ ಮಾಧವ ಮತ್ತು ಇತರ ಮೂವರು ಅರ್ಜಿ ಹಾಕಿದರು. ಅರ್ಜಿಯನ್ನು ಮಂಜೂರು ಮಾಡುವಂತೆ ಮೊಟ್ಟಮೊದಲು ಶಿಫಾರಸು ಮಾಡಿದವರು ಮುಸರ್ರತ್.

ಹೊಸದಾಗಿ ಕೆತ್ತಿಸಿದ ವರ್ಷದ ರಾಜ್ಯೋತ್ಸವದಲ್ಲಿ ಸಂಸ್ಥಾಪಕರು ಎಂದಿನಂತೆ ಸಾಲಿನಲ್ಲಿ ನಿಲ್ಲದೆ ಮೊದಲು ಊಟಕ್ಕೆ ಕೂತರು. ಈಗ ಇಬ್ಬರೇ ಇದ್ದರು. ಸತ್ಯನಾರಾಯಣ ಅವರು ಎಣ್ಣೆಗಾಯಿ ಚಪ್ಪರಿಸಿ, "ಏನೇ ಹೇಳಿ ರೇವಣಪ್ಪನವ್ರೇ, ಈಚೆಗೆ ಆಂಟಿ ಕೈರುಚಿ ಇನ್ನೂ ಹೆಚ್ಚಾಗಿದೆ," ಎಂದರು.

ಮೇಜಿನ ಆಚೆ ನಿಂತ ಮುಸರ್ರತ್ ಇನ್ನೊಂದು ಸೌಟು ಬಡಿಸಿದರು. ರೇವಣಪ್ಪನವರು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಾಗ ಹಲ್ಲಿಗೆ ಸಣ್ಣದೊಂದು ಕಲ್ಲಿನ ಕಣ ಸಿಕ್ಕಿತು. ಹೊಸದಾಗಿ ಕುಟ್ಟಿದ ಕಲ್ಲು ಮೊದಮೊದಲು ಹಾಗೆ ಉದುರುತ್ತದೆ. ಅದು ಅಧ್ಯಕ್ಷರ ಹೆಸರಿನದೋ ತಮ್ಮದೋ ತಿಳಿಯಲಿಲ್ಲ. ಬೆರಳ ತುದಿಯಲ್ಲಿ ತೆಗೆದು, ಶಿವಾ ಎಂದು ಕಣ್ಣಿಗೊತ್ತಿಕೊಂಡು, ನುಂಗಿದರು.